ಸತ್ತ ಹಾವಿನ ಫೋಟೋ ಕಳಿಸಬ್ಯಾಡ್ರಿ

ನಮಸ್ಕಾರ್ರಿ. ಈ ವಾರ ನನ್ನ ವಾಟ್ಸಾಪಿಗೆ ನಾಕು ಹಾವಿನ ಫೋಟೋ ಬಂದಾವ. ನಾಕೂ ಸತ್ತಾವು. ತಲಿ ಜಜ್ಜಿ, ಬಾಜೂಕ ಬಡಿಗಿ ಇಟ್ಟು, ಕೆಳಗ ಒಂದೇ ಪ್ರಶ್ನಿ: "ಅಣ್ಣಾ, ಇದು ಯಾವ ಹಾವು? ವಿಷ ಅದ ಏನ್?" ಅಲ್ರೀ, ಹೊಡದ ಮ್ಯಾಲ ಅದರ ಜಾತಿ ತಗೊಂಡು ಏನ್ ಮಾಡ್ತೀರಿ? ಮೂರಂತೂ ಕೇರಿ ಹಾವು.

ನಮ್ಮ ಕಲಬುರಗಿ ಹಿತ್ತಲಾಗ ಹಾವು ಬರೋದು ಸೋಜಿಗ ಅಲ್ಲ. ಗ್ವಾಡಿಗೆ ಒಟ್ಟಿದ ತೊಗರಿ ಕಟ್ಟಿಗಿ, ಮನಿ ಕಟ್ಟಿದಾಗ ಉಳದ ಶಹಾಬಾದ್ ಪರ್ಸಿ ಕಲ್ಲು. ಕಟ್ಟಿಗಿಯೊಳಗ ಇಲಿ, ಪರ್ಸಿ ಕೆಳಗ ತಂಪು. ಊಟಾನೂ ಅದ, ಲಾಡ್ಜೂ ಅದ.

ನನ್ನ ಮಾತು ಇಷ್ಟೇ. ಎಲ್ಲಾ ಹಾವು ಗುರುತಿಸಾಕ ಹೋಗಬ್ಯಾಡ್ರಿ. ಒಂದೇ ಕಲೀರಿ, ಕೇರಿ ಹಾವು. ಆರು ಅಡಿ ದಾಟಿ ಬೆಳೀತದ, ಹಗಲಿನಾಗೇ ಓಡಾಡ್ತದ. ದೊಡ್ಡ ಕಣ್ಣು, ಕಣ್ಣಾಗಿನ ಪಾಪಿ ದುಂಡಗ. ತುಟಿ ಮ್ಯಾಲ ಕರಿ ದಾರದಲೆ ಕೌದಿ ಹೊಲದಂಗ ಅಡ್ಡ ಗೆರಿ. ಹೆಡಿ ಇಲ್ಲ. ಮೂಲ್ಯಾಗ ಸಿಕ್ಕರ ಕುತ್ತಿಗಿ ಉಬ್ಬಸಿ ಬುಸುಗುಡ್ತದ, ಹಿಡದ್ರ ಕಡೀತದ, ಆದ್ರ ವಿಷ ಇಲ್ಲ. ನಾಗರಹಾವಿನ ಗಂಡು ಇದೇ ಅಂತ ನಮ್ಮ ಅಜ್ಜಿನೂ ಹೇಳ್ತಿದ್ಲು, ಆದ್ರ ಅದು ಖರೆ ಅಲ್ಲ, ಎರಡೂ ಬ್ಯಾರೆ ಬ್ಯಾರೆ ಜಾತಿ. ಎರಡು ಹಾವು ಹೆಣಕೊಂಡು ಎದ್ದು ನಿಂತಿದ್ದು ನೋಡೀರಲ್ಲ, ಅದು ಬಹಳ ಸಲ ಎರಡು ಗಂಡು ಕೇರಿ ಹಾವಿನ ಕುಸ್ತಿ! ನಾಗಪ್ಪಗ ಪಂಚಮಿಗೆ ಹಾಲು, ಇಲಿ ತಿನ್ನೋ ಇದಕ್ಕ ಬಡಿಗಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಇದನ್ನ ಹೊಡೆಯೋದು ಅಪರಾಧ, ಅದೂ ತಿಳಕೊಂಡಿರ್ರಿ.

ಇನ್ನ ನಾಕನೇ ಫೋಟೋ. ಕರಿ ಮೈ, ಬಿಳಿ ಪಟ್ಟಿ. ಇಲ್ಲಿ ನಾನೂ ಬಾಯಿ ಮುಚ್ಚತೀನಿ. ಗ್ವಾಡಿ ಹತ್ತಿ ಹಲ್ಲಿ ತಿನ್ನೋ ತೋಳದ ಹಾವಿಗೆ ವಿಷ ಇಲ್ಲ. ಹಂಗೇ ಕಾಣೋ ಕಟ್ಟುಹಾವು ರಾತ್ರಿ ನೆಲದ ಮ್ಯಾಲ ಮಲಗಿದವರಿಗೆ ಕಡದ್ರ ನೋವು ಸೈತ ಗೊತ್ತಾಗದಂಗ ಜೀವ ತಗೀಬಹುದು. ತೋಳದ ಹಾವಿನ ಪಟ್ಟಿ ಕುತ್ತಿಗಿ ಕಡಿ ಎದ್ದು ಕಾಣ್ತಾವ, ಬಾಲದ ಕಡಿ ಮಾಸ್ತಾವ. ಕಟ್ಟುಹಾವಿಂದು ಉಲ್ಟಾ, ಹಿಂದ ಹೋದಂಗ ಜೋಡಿ ಜೋಡಿ ಗೆರಿ. ಕೇಳಾಕ ಛಲೋ ಅದ. ಆದ್ರ ಕಟ್ಟುಹಾವಿನ ಮರಿ ಈ ಲೆಕ್ಕ ತಪ್ಪಸ್ತದ. ಕರೆಂಟ್ ಹೋದ ರಾತ್ರಿ ಬ್ಯಾಟರಿ ಬೆಳಕಿನಾಗ ಪಟ್ಟಿ ಎಣಸ್ತೀರೇನ್ರಿ? ಪಟ್ಟಿ ಕಂಡ್ರ ಕಟ್ಟುಹಾವು ಅಂತೇ ತಿಳೀರಿ. ಹಿಂದ ಸರೀರಿ, ಒಬ್ಬರು ದೂರಿಂದ ಅದರ ಮ್ಯಾಲ ಕಣ್ಣಿಡ್ರಿ, ಅರಣ್ಯ ಇಲಾಖೆಗೆ ಫೋನ್ ಹಚ್ಚರಿ.

"ಕಡದ ಹಾವನ್ನ ಹೊಡದು ಒಯ್ದ್ರ ಡಾಕ್ಟ್ರಿಗೆ ಗೊತ್ತಾಗ್ತದ" ಅಂತೀರಿ. ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಕಕ್ಕೂ ನಮ್ಮ ದೇಶದಾಗ ಕೊಡೋ ಔಷಧ ಒಂದೇ. ಡಾಕ್ಟ್ರು ನೋಡೋದು ಪೇಶಂಟಿನ ಲಕ್ಷಣ, ಚೀಲದಾಗಿನ ಹಾವು ಅಲ್ಲ. ಹಾವು ಹುಡುಕೋ ಟೈಮಿನಾಗ ದವಾಖಾನಿ ಮುಟ್ಟರಿ.

ನಾಕನೇದು ಯಾವ ಹಾವು ಅಂತ ಕೇಳಿದವರಿಗೆ ನಾ ಇನ್ನೂ ಉತ್ತರ ಕೊಟ್ಟಿಲ್ಲ. ಅಷ್ಟು ಜಜ್ಜಿದ್ರು. ಮುಂದಿನ ಸಲ ಹತ್ತು ಅಡಿ ದೂರ ನಿಂತು ಝೂಮ್ ಮಾಡಿ ತಗೀರಿ. ಫೋಟೋದಾಗ ಬಡಿಗಿ ಕಾಣಬಾರದು.