ಬಾಲಕಿಯರೇ ಮೇಲುಗೈ, ಆಮೇಲೆ?

ಕೇಳುಗರೇ, ನಮಸ್ಕಾರ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಪೇಪರ್ ತೆಗೆದರೆ ಒಂದು ಸಾಲು ಕಣ್ಣಿಗೆ ಬಿದ್ದೇ ಬೀಳುತ್ತದೆ. 'ಈ ಬಾರಿಯೂ ಬಾಲಕಿಯರೇ ಮೇಲುಗೈ.' ಪತ್ರಿಕೆಯವರು ಈ ಸಾಲನ್ನು ಒಮ್ಮೆ ಬರೆದು ಎತ್ತಿಟ್ಟುಕೊಂಡಿದ್ದಾರೇನೋ ಅಂತ ನನಗೆ ಅನುಮಾನ. 2024ರಲ್ಲಿ ಹುಡುಗಿಯರು ನೂರಕ್ಕೆ 81 ಮಂದಿ ಪಾಸಾದರು, ಹುಡುಗರು 66ರ ಹತ್ತಿರ. ಸಣ್ಣ ಅಂತರವೇನಲ್ಲ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳು. ನಮ್ಮ ಸ್ಟಾಫ್ ರೂಮಿನಲ್ಲಿ ವರ್ಷಾ ವರ್ಷ ಇದೇ ವಾದ. 'ಹುಡುಗೀರಿಗೆ ಶ್ರದ್ಧೆ ಹುಟ್ಟಿನಿಂದಲೇ ಬಂದಿರುತ್ತೆ ಬಿಡಿ' ಅಂತ ಒಬ್ಬರು. 'ಹೆಣ್ಣು ಗಂಡು ಭೇದ ಇನ್ನೆಲ್ಲಿದೆ, ಅಂಕಪಟ್ಟಿ ನೋಡಿ' ಅಂತ ಇನ್ನೊಬ್ಬರು. ನಾನು ಎರಡನ್ನೂ ಒಪ್ಪುವುದಿಲ್ಲ.

ಒಮ್ಮೆ ನೋಟ್ಸ್ ತಿದ್ದುತ್ತಿದ್ದೆ. ಒಬ್ಬ ಹುಡುಗಿಯ ತ್ರಿಕೋನಮಿತಿ ಪುಟದ ಅಂಚಿನಲ್ಲಿ ಅರಿಶಿನದ ಬೆರಳಚ್ಚು. ಏನಮ್ಮಾ ಇದು ಅಂದೆ. 'ಒಗ್ಗರಣೆ ಹಾಕ್ತಾ ಸೂತ್ರ ಬಾಯಿಪಾಠ ಮಾಡ್ತಿದ್ದೆ ಮಿಸ್' ಅಂದಳು. ಸಂಜೆಯಾದ ಮೇಲೆ ಅವಳು ಹೊಸ್ತಿಲು ದಾಟುವ ಹಾಗಿಲ್ಲ. ತಮ್ಮನಿಗೆ ಊಟ ಬಡಿಸಿ, ಪಾತ್ರೆ ತೊಳೆದು ಮುಗಿದ ಮೇಲೆ ಅವಳದ್ದು ಅಂತ ಉಳಿಯುವುದು ಪುಸ್ತಕ ಒಂದೇ. ಫೇಲಾದರೆ ಮನೆಯಲ್ಲಿ ಮದುವೆ ಮಾತು ಶುರುವಾಗುತ್ತದೆ ಅನ್ನುವುದೂ ಅವಳಿಗೆ ಗೊತ್ತು. ಇದನ್ನು ನಾವು ಶ್ರದ್ಧೆ ಅನ್ನುತ್ತೇವೆ. ಶ್ರದ್ಧೆ ಹೌದು, ಸುಮ್ನೆ ಹುಟ್ಟಿದ್ದಲ್ಲ.

ಅವಳಿಗೆ ಗಣಿತದಲ್ಲಿ 92 ಬಂತು. ಅಪ್ಪ ಪೇಡೆ ಡಬ್ಬ ಹಿಡಿದುಕೊಂಡೇ ಟಿ.ಸಿ. ತೆಗೆದುಕೊಳ್ಳಲು ಬಂದರು. ಸೈನ್ಸ್ ಕಾಲೇಜು ಇರುವುದು ತಾಲ್ಲೂಕಿನಲ್ಲಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಬಸ್ ಚಾರ್ಜಿನ ಚಿಂತೆ ಇಲ್ಲ. ಅವರು ಕೇಳಿದ್ದು ಬೇರೆ. 'ವಾಪಸ್ ಬರೋ ಬಸ್ ಎಷ್ಟೊತ್ತಿಗೆ ಮೇಡಂ?' ಆರೂಮುಕ್ಕಾಲು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇಲ್ಲೇ ಊರಲ್ಲೇ ಆರ್ಟ್ಸ್ ಮಾಡಲಿ ಬಿಡಿ ಅಂದರು. ಕೆಟ್ಟ ಮನುಷ್ಯರಲ್ಲ. ಮಗಳ ಅಂಕ ಹೇಳುವಾಗ ಅವರ ಗಂಟಲು ಕಟ್ಟಿತ್ತು.

ಇದು ಹಳ್ಳಿ ಕತೆ ಅಂತ ತಳ್ಳಿಹಾಕಬೇಡಿ. ಐಐಟಿಗಳನ್ನೇ ನೋಡಿ. 2016ರಲ್ಲಿ ಅಲ್ಲಿ ಬಿ.ಟೆಕ್. ಸೇರಿದವರಲ್ಲಿ ಹುಡುಗಿಯರು ನೂರಕ್ಕೆ ಸುಮಾರು 8. ಕೊನೆಗೆ 2018ರಿಂದ ಅವರಿಗೆಂದೇ ಹೆಚ್ಚುವರಿ ಸೀಟು ಇಡಬೇಕಾಯಿತು. ಬೋರ್ಡ್ ಪರೀಕ್ಷೆಯಲ್ಲಿ ಮುಂದಿದ್ದವರಿಗೆ ಇಲ್ಲಿ ಬುದ್ಧಿ ಕಮ್ಮಿಯಾಯಿತಾ? ದೂರದ ಊರಲ್ಲಿ ಎರಡು ವರ್ಷ ಹಾಸ್ಟೆಲ್, ಕೋಚಿಂಗ್, ಲಕ್ಷಗಟ್ಟಲೆ ಖರ್ಚು. ಮಗನಿಗಾದರೆ ಸಾಲ ಮಾಡಿಯಾದರೂ ಕಳಿಸುತ್ತಾರೆ. ಮಗಳ ವಿಷಯ ಬಂದಾಗ ಲೆಕ್ಕ ಹಾಕುತ್ತಾರೆ, ಅಲ್ವಾ?

ಹಾಗಾದರೆ ಹುಡುಗರು ಸುಖವಾಗಿದ್ದಾರಾ? ಅದೂ ಇಲ್ಲ. ಮಗಳು ಅರ್ಧ ಗಂಟೆ ತಡವಾದರೆ ಇಡೀ ಬೀದಿಗೆ ಗೊತ್ತಾಗುತ್ತದೆ. ಮಗ ಒಂದು ವಾರ ಶಾಲೆಗೆ ಬರದಿದ್ದರೂ ಮನೆಯವರಿಗೆ ಗೊತ್ತಿರುವುದಿಲ್ಲ. ಗೊತ್ತಾದರೂ, ಸೆಂಟ್ರಿಂಗ್ ಕೆಲಸಕ್ಕೆ ಹೋಗಿ ದುಡ್ಡು ತಂದುಕೊಟ್ಟರೆ ಯಾರೂ ಬೈಯುವುದಿಲ್ಲ. 'ಗಂಡು ಹುಡುಗ, ಹೇಗೋ ಬದುಕ್ಕೋತಾನೆ' ಅನ್ನುವ ಮಾತಿದೆಯಲ್ಲ, ಎಷ್ಟು ಹುಡುಗರ ಓದನ್ನು ಅದು ನುಂಗಿದೆಯೋ. ಮಗಳನ್ನು ಬಸ್ ಹತ್ತಿಸದ ಮನೆಯೇ ಮಗನನ್ನು ಕೇಳದೆ ಬಿಟ್ಟಿರುವುದು.

ಈಗ ಫೇಲಾದವರಿಗೆ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಲು ಅವಕಾಶ ಇದೆ. ನನ್ನ ಕ್ಲಾಸಿನ ಒಬ್ಬ ಹುಡುಗ ಗಣಿತ ಒಂದರಲ್ಲೇ ಫೇಲಾಗಿದ್ದ. ಪರೀಕ್ಷೆ-2ಕ್ಕೆ ಅರ್ಜಿ ನಾನೇ ತುಂಬಿಸಿ, ಹಿಂದಿನ ದಿನ ನೆನಪಿಸೋಣ ಅಂತ ಫೋನ್ ಮಾಡಿದೆ. ಆ ಕಡೆಯಿಂದ ಕಾಂಕ್ರೀಟ್ ಮಿಕ್ಸರ್ ಸದ್ದು. ಅದರ ಮೇಲೆ ಕೂಗಿ ಹೇಳಿದ: 'ನಾಳೆ ಆಗಲ್ಲ ಮಿಸ್, ಮೋಲ್ಡ್ ಇದೆ!'