"ಅವನೇ ಒಪ್ಪಿ ಬಂದಾನ" ಅಂದ್ರೆ ಸಾಕಾ? ಕೂಲಿ, ಘನತೆ ಮತ್ತು ಕಥೋಲಿಕ ಬೋಧನೆ

[ದೃಶ್ಯ: ಬೆಳಗಿನ ಎಂಟು ಗಂಟೆ. ಕಲಬುರಗಿಯ ಒಂದು ಲೇಬರ್ ಅಡ್ಡಾ.]

ಎಲ್ಲರಿಗೂ ನಮಸ್ಕಾರ. ಇಲ್ಲಿ ನೋಡಿ, ಗೌಂಡಿಗಳು, ಕೂಲಿ ಹೆಣ್ಣುಮಕ್ಕಳು ರೊಟ್ಟಿ ಬುತ್ತಿ ಹಿಡಿದು ಕೆಲಸಕ್ಕೆ ಕಾಯುತ್ತಿದ್ದಾರೆ. ಒಂದು ಬೈಕ್ ನಿಂತರೆ ಹತ್ತು ಜನ ಸುತ್ತುವರಿಯುತ್ತಾರೆ. ಮೊದಲು ಏಳುನೂರು ಕೇಳಿದವರು ಹೊತ್ತೇರಿದ ಹಾಗೆ ಐನೂರಕ್ಕೂ ಹೂಂ ಅನ್ನುತ್ತಾರೆ. ಖಾಲಿ ಕೈಲಿ ಮನೆಗೆ ಹೋಗೋದಕ್ಕಿಂತ ಅಷ್ಟಾದರೂ ಸಿಗಲಿ ಅಂತ. ಕೆಲಸ ಕೊಟ್ಟವರ ಮಾತು ನಮಗೆಲ್ಲ ಗೊತ್ತು: "ನಾವೇನು ಜಬರದಸ್ತಿ ಮಾಡೀವೇನ್ರಿ? ಅವನೇ ಒಪ್ಪಿ ಬಂದಾನ."

ಈ ಮಾತಿಗೆ 1891ರಲ್ಲೇ ಉತ್ತರ ಬಂದಿದೆ.

[ಪರದೆಯಲ್ಲಿ: ರೇರುಂ ನೊವಾರುಂ, 15 ಮೇ 1891]

ಯುರೋಪಿನ ಕಾರ್ಖಾನೆಗಳು ಕೆಲಸಗಾರರನ್ನು ಹಿಂಡುತ್ತಿದ್ದ ಕಾಲ. ಕಥೋಲಿಕ ಧರ್ಮಸಭೆಯ ಮುಖ್ಯಸ್ಥರಾದ ಪೋಪ್ 13ನೇ ಲಿಯೋ 'ರೇರುಂ ನೊವಾರುಂ' ಅನ್ನುವ ಈ ಪತ್ರ ಬರೆದರು. ಇವತ್ತು ಕಥೋಲಿಕ ಸಾಮಾಜಿಕ ಬೋಧನೆ ಅಂತ ಕರೆಯುವುದಕ್ಕೆ ಇದೇ ಬುನಾದಿ. ಅವರ ವಾದ ಇದು. ಇಬ್ಬರೂ ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ. ಎಂಥ ಒಪ್ಪಂದಕ್ಕಿಂತಲೂ ಹಳೆಯದಾದ, ದೊಡ್ಡದಾದ ನ್ಯಾಯ ಒಂದಿದೆ: ಕೂಲಿ ಬದುಕಿಗೆ ಸಾಲಬೇಕು. ಬೇರೆ ದಾರಿ ಇಲ್ಲದೆ, ಇನ್ನೂ ಕೆಟ್ಟದ್ದಾದೀತು ಅನ್ನುವ ಭಯಕ್ಕೆ ಒಪ್ಪಿಕೊಂಡರೆ, ಅದು ಅವನ ಮೇಲೆ ನಡೆದ ಬಲವಂತ, ಅನ್ಯಾಯ.

ಇದನ್ನು ಓದಿದಾಗ ನನಗೆ ಯಾದಗಿರಿಯಿಂದ ಗುಳೆ ಹೋಗುವವರು ನೆನಪಾದರು. ಮಳೆ ಕೈಕೊಟ್ಟ ವರ್ಷ, ಮುಂಗಡ ತಗೊಂಡು ಮಕ್ಕಳ ಸಮೇತ ಬಸ್ ಹತ್ತುತ್ತಾರೆ. ಅದಕ್ಕೂ ನಾವು ಒಪ್ಪಿಗೆ ಅಂತಲೇ ಅನ್ನುತ್ತೇವೆ, ಅಲ್ವಾ?

ಈ ವಾದದ ಬೇರು ಬೈಬಲ್‌ನ ಆದಿಕಾಂಡದಲ್ಲಿದೆ. ದೇವರು ಮನುಷ್ಯರನ್ನು ತನ್ನ ಹೋಲಿಕೆಯಲ್ಲೇ ಸೃಷ್ಟಿಸಿದ ಅನ್ನುತ್ತದೆ ಮೊದಲ ಅಧ್ಯಾಯ. ಹಾಗಾಗಿ ಘನತೆಯನ್ನು ಯಾರೂ ಗಳಿಸಬೇಕಾಗಿಲ್ಲ. ಜಾತಿ, ಓದು, ಪಗಾರ ಯಾವುದೂ ಅದನ್ನು ಹೆಚ್ಚು ಕಡಿಮೆ ಮಾಡುವುದಿಲ್ಲ. ಹಾಸಿಗೆ ಹಿಡಿದ ಅಜ್ಜಿಗೂ ಇದೆ, ಜೈಲಿನಲ್ಲಿರುವವನಿಗೂ ಇದೆ. 2024ರಲ್ಲಿ ವ್ಯಾಟಿಕನ್ ಹೊರತಂದ ದಾಖಲೆಯ ಹೆಸರೇ 'ಡಿಗ್ನಿತಾಸ್ ಇನ್ಫಿನಿತಾ', ಅಂದರೆ ಕೊನೆಯಿಲ್ಲದ ಘನತೆ.

ಬಸವಕಲ್ಯಾಣದ ಸೀಮೆಯವರಿಗೆ ಇದು ತೀರಾ ಹೊಸದೇನಲ್ಲ. ಕಾಯಕದಲ್ಲಿ ಮೇಲುಕೀಳಿಲ್ಲ ಅಂತ ಶರಣರು 12ನೇ ಶತಮಾನದಲ್ಲೇ ಬಾಳಿ ತೋರಿಸಿದ್ದಾರೆ. ಎರಡೂ ದಾರಿ ಬೇರೆ ಬೇರೆ, ಸುಮ್ನೆ ಬೆರೆಸುವುದು ಬೇಡ. ಆದರೆ ದುಡಿಯುವ ಕೈಗೆ ಕೊಡುವ ಮರ್ಯಾದೆ ನಮಗೆ ಗುರುತಿನದೇ.

[ದೃಶ್ಯ: ಶಹಾಬಾದ್ ಕಲ್ಲಿನ ಗಣಿ.]

ಪೋಪ್ ಎರಡನೇ ಜಾನ್ ಪಾಲ್ ಹುಡುಗರಾಗಿದ್ದಾಗ, ನಾಜಿಗಳು ಪೋಲೆಂಡನ್ನು ಹಿಡಿದಿದ್ದ ಕಾಲದಲ್ಲಿ, ಸುಣ್ಣಕಲ್ಲಿನ ಗಣಿಯಲ್ಲಿ ಕೂಲಿ ಮಾಡಿದ್ದರು. ನಮ್ಮ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ. 1981ರಲ್ಲಿ 'ಲಬೋರೆಮ್ ಎಕ್ಸೆರ್ಚೆನ್ಸ್' ಪತ್ರದಲ್ಲಿ ಅವರು ಹೇಳಿದ್ದು: ಕೆಲಸ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ಕೆಲಸಕ್ಕಾಗಿ ಅಲ್ಲ. ಸಂಸಾರ ಸಾಕುವಷ್ಟು ಕೂಲಿ ಬೇಕು, ವಾರದ ರಜೆ ಬೇಕು, ಪೆಟ್ಟಾದರೆ ಚಿಕಿತ್ಸೆ ಬೇಕು, ವಯಸ್ಸಾದ ಮೇಲೆ ಪಿಂಚಣಿ ಬೇಕು ಅಂತ ಒಂದೊಂದಾಗಿ ಬರೆದರು. ಕಲ್ಲು ಒಡೆದ ಕೈ ಬರೆದ ಪತ್ರ ಅದು.

[ದೃಶ್ಯ: ಮತ್ತೆ ಅಡ್ಡಾ. ಬಿಸಿಲೇರಿದೆ.]

ಈಗ ಹತ್ತು ಗಂಟೆ. ಬೆಳಗ್ಗೆ ಐನೂರು ಕೇಳುತ್ತಿದ್ದ ಅಕ್ಕ ಇನ್ನೂ ಇಲ್ಲೇ ನಿಂತಿದ್ದಾರೆ. ಮತ್ತೊಂದು ಬೈಕ್ ಬಂತು. ಈ ಸಲ ಅಕ್ಕ ಕೇಳಿದ್ದು ಮುನ್ನೂರೈವತ್ತು.