ತವರಿನ ಸುಂಕ

ನಮಸ್ಕಾರ. ಹೋದ ಸಂಚಿಕೆಯ ನಂತರ, ತವರಿನ ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲಿನ ಕುರಿತು ಕೇಳುಗರೊಬ್ಬರು ಕಳುಹಿಸಿದ ಪತ್ರ ನನ್ನ ಮುಂದಿದೆ. “ಕಾನೂನು ಹೆಣ್ಣುಮಕ್ಕಳಿಗೆ ಎಲ್ಲವನ್ನೂ ಕೊಟ್ಟಾಗಿದೆ, ಅವರೇ ಸ್ವಸಂತೋಷದಿಂದ ಬೇಡ ಎನ್ನುವಾಗ ನಿಮಗೇಕೆ ಹೊಟ್ಟೆಯುರಿ?” ಎಂದು ಕೇಳಿರುವ ಅವರು ಕೆಳಗೆ ‘ಮೂವರು ಅಕ್ಕಂದಿರ ತಮ್ಮ’ ಎಂದು ಸಹಿ ಹಾಕಿದ್ದಾರೆ. ಹೆಸರು ಬರೆಯುವ ಧೈರ್ಯ ಅವರಿಗೆ ಬಂದಿಲ್ಲ, ಆದರೆ ಅಕ್ಕಂದಿರ ಲೆಕ್ಕ ಮಾತ್ರ ಸರಿಯಾಗಿ ಕೊಟ್ಟಿದ್ದಾರೆ.

ಈ ‘ಸ್ವಸಂತೋಷ’ವನ್ನು ನಾನು ಕಳೆದ ವಾರವಷ್ಟೇ ಕಣ್ಣಾರೆ ಕಂಡೆ. ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕಿನ ನೋಂದಣಿ ಕಚೇರಿಗೆ ಋಣಭಾರ ಪತ್ರಕ್ಕಾಗಿ ಹೋಗಿದ್ದೆ. ತೊಗರಿ ಬಿತ್ತನೆ ಮುಗಿಸಿ ಜನ ಕಾಗದಪತ್ರದ ಕೆಲಸಕ್ಕೆ ಬರುವ ಸಮಯವಾದ್ದರಿಂದ ಬೆಂಚುಗಳೆಲ್ಲ ತುಂಬಿದ್ದವು. ನನ್ನ ಪಕ್ಕದಲ್ಲಿ ಕುಳಿತಿದ್ದ, ಅರವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ತವರಿನ ಆಸ್ತಿಯ ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಲು ಬಂದಿದ್ದರು. ಪತ್ರ ಬರಹಗಾರರು ಒಂದೇ ಉಸಿರಿನಲ್ಲಿ ಓದಿದರು: ಅರಿಶಿನ ಕುಂಕುಮದ ಬಾಬ್ತು ಇಂತಿಷ್ಟು ಪಡೆದು, ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ. ಕ್ಯಾಮೆರಾದ ಮುಂದೆ ಕೂರಿಸಿದಾಗ ತಮ್ಮನೇ ಬಂದು ಅವರ ಸೆರಗು ಸರಿಪಡಿಸಿದ. ಹೊರಗೆ ಬಂದು ಬೆರಳಿನ ಮಸಿಯನ್ನು ಗೋಡೆಗೆ ಒರೆಸುತ್ತಿದ್ದವರನ್ನು, ಯಾಕವ್ವಾ ಬಿಟ್ಟುಕೊಟ್ಟೆ ಎಂದು ಕೇಳಿದೆ. “ಈ ಸಲ ಪಂಚಮಿಗಿ ಕರಿತೀನಂದಾನ್ರಿ. ಮತ್ತೇನ್ ಬೇಕ್ರಿ ನನಗ?” ಎಂದರು.

ತಮ್ಮನವರೇ, ನೀವು ಸಂತೋಷ ಎಂದು ಕರೆಯುವುದು ಇದನ್ನೇ. ಅದು ತವರಿನ ಹೊಸ್ತಿಲು ದಾಟಲು ಮಗಳು ಕಟ್ಟುವ ಸುಂಕ.

ಕಾನೂನಿನ ಮಾತಿಗೆ ಬರೋಣ. ಮೈಸೂರು ಸಂಸ್ಥಾನವು 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಕಾಯ್ದೆ ಮಾಡಿದಾಗ ನಮ್ಮ ಕಲಬುರಗಿ, ಬೀದರ್, ಯಾದಗಿರಿಗಳು ನಿಜಾಮರ ಆಳ್ವಿಕೆಯಲ್ಲಿದ್ದವು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಪಾಲು ಕೊಟ್ಟಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಬೇಲಿಯನ್ನೂ ಕಿತ್ತುಹಾಕಿತು. ತಂದೆ ಆ ದಿನ ಬದುಕಿದ್ದರೋ ಇಲ್ಲವೋ ಎಂಬ ತಕರಾರಿಗೂ 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಹೇಳಿ ಸುಪ್ರೀಂ ಕೋರ್ಟ್ ತೆರೆ ಎಳೆಯಿತು. ಹಾಗಾಗಿ ನಾವು ಹಿಂದುಳಿದ ಭಾಗದವರು ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ಬೆಂಗಳೂರಿಗೂ ಯಾದಗಿರಿಗೂ ಇರುವುದು ಒಂದೇ ಕಾಯ್ದೆ. ಆದರೂ 2015-16ರ ಕೃಷಿ ಗಣತಿಯಲ್ಲಿ ದೇಶದ ಸಾಗುವಳಿ ಹಿಡುವಳಿದಾರರ ಪೈಕಿ ಮಹಿಳೆಯರು ಶೇ. 14ರಷ್ಟು ಮಾತ್ರ. ಕಳೆ ತೆಗೆಯುವ, ತೊಗರಿ ಕೊಯ್ಯುವ ಕೈಗಳನ್ನು ಎಣಿಸಿದ್ದರೆ ಆ ಅಂಕಿ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಹೊಲಕ್ಕೆ ಹೋದವರಿಗೆ ಹೇಳಬೇಕಾಗಿಲ್ಲ.

ಮದುವೆಯಲ್ಲಿಯೇ ವರದಕ್ಷಿಣೆ ಕೊಟ್ಟಿದ್ದೇವಲ್ಲ ಎನ್ನುತ್ತಾರೆ. 1961ರಿಂದ ಅಪರಾಧವಾಗಿರುವ ವ್ಯವಹಾರದ ರಸೀದಿಯನ್ನು ಪಾಲು ಮುಟ್ಟಿತು ಎಂಬುದಕ್ಕೆ ಪುರಾವೆಯಾಗಿ ತೋರಿಸುವ ಈ ಜಾಣತನಕ್ಕೆ ನಾನು ತಲೆಬಾಗುತ್ತೇನೆ; ಅಂದಹಾಗೆ, ಆ ಹಣ ಹೋದದ್ದು ಮಗಳ ಕೈಗಲ್ಲ, ಬೀಗರ ಕೈಗೆ. ಜಮೀನು ತುಂಡುತುಂಡಾಗುತ್ತದೆ ಎಂದು ಇನ್ನು ಕೆಲವರು ಕೊರಗುತ್ತಾರೆ. ನಾಲ್ವರು ಅಣ್ಣತಮ್ಮಂದಿರು ಹಂಚಿಕೊಂಡಾಗ ಇಡಿಯಾಗಿಯೇ ಉಳಿಯುವ ಹೊಲ, ತಂಗಿಯ ಹೆಸರು ಬಂದ ಕೂಡಲೇ ಪುಡಿಯಾಗುವ ವಿಚಿತ್ರ ಮಣ್ಣು ನಮ್ಮ ಎರೆಭೂಮಿಯದು! ಇದು ಹಿಂದೂ ಮನೆಗಳ ಕಥೆ ಮಾತ್ರವೆಂದು ಯಾರೂ ನೆಮ್ಮದಿಯಾಗಿರಬೇಡಿ. ಮಗನ ಪಾಲಿನ ಅರ್ಧವನ್ನು ಮಗಳಿಗೆ ಕೊಡುವ ಇಸ್ಲಾಂ ಧರ್ಮದ ನಿಯಮವನ್ನು ಗೌರವಿಸುವ ಮನೆಗಳಲ್ಲಿಯೂ ಆ ಅರ್ಧವನ್ನು ಅಣ್ಣನಿಗೆ ಬಿಟ್ಟುಕೊಟ್ಟ ಗೆಳತಿಯರು ನನಗಿದ್ದಾರೆ. ಧರ್ಮ ಬೇರೆಯಾದರೂ ಸುಂಕದ ಕಟ್ಟೆ ಒಂದೇ.

ಪಹಣಿ ಓದುವುದು ಹೇಗೆ ಎಂದು ನಾನು ಎರಡು ಭಾಗಗಳಲ್ಲಿ ವಿವರಿಸಿರುವ ಸಂಚಿಕೆ ಈ ವಾಹಿನಿಯಲ್ಲಿಯೇ ಇದೆ, ದಯವಿಟ್ಟು ನೋಡಿ, ಚಂದಾದಾರರಾಗಿ. ನನ್ನ ಒಡಹುಟ್ಟಿದ ತಮ್ಮ ಅದನ್ನು ಇದುವರೆಗೂ ನೋಡಿಲ್ಲ, ಕಾರಣವೇನೆಂದು ನಾನು ಕೇಳಿಯೂ ಇಲ್ಲ.

ಕೇಳಬಹುದಿತ್ತಲ್ಲ, ಕೋರ್ಟಿಗೆ ಹೋಗಬಹುದಿತ್ತಲ್ಲ ಎಂದು ಪತ್ರದ ಕೊನೆಯಲ್ಲಿ ಉಪದೇಶವೂ ಇದೆ. ಹೋಗಬಹುದು. ದಾವೆ ಹೂಡಿದ ಮರುದಿನದಿಂದ ಉಡಿ ತುಂಬುವವರಿಲ್ಲ, ಬಾಣಂತನಕ್ಕೆ ಕರೆಯುವವರಿಲ್ಲ, ಗಂಡ ಹೊಡೆದರೆ ಬಂದು ನಿಲ್ಲಲು ಬಾಗಿಲಿಲ್ಲ. ಅಣ್ಣನಿಗೆ ಪಾಲೂ ಇದೆ, ತವರೂ ಇದೆ. ತಂಗಿ ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಅದು ಸುಂಕವಲ್ಲದೆ ಮತ್ತೇನು? ಸಂತೋಷವಂತೆ ಸಂತೋಷ! ಅಷ್ಟೊಂದು ಸಂತೋಷದ ಕೆಲಸವಾಗಿದ್ದರೆ ಒಬ್ಬನೇ ಒಬ್ಬ ಅಣ್ಣ ಅಕ್ಕನ ಹೆಸರಿಗೆ ಬಿಟ್ಟುಕೊಟ್ಟು ಆ ಸಂತೋಷವನ್ನು ತಾನೂ ಅನುಭವಿಸಬಾರದೇಕೆ?

ಮೂವರು ಅಕ್ಕಂದಿರ ತಮ್ಮನವರೇ, ನಿಮ್ಮ ಹೊಲದ ಪಹಣಿಯಲ್ಲಿ ಖಾತೆದಾರರ ಹೆಸರಿರುವ 9ನೇ ಕಾಲಂನ ಫೋಟೊ ಒಂದನ್ನು ಕಳುಹಿಸಿಕೊಡಿ. ಅಲ್ಲಿ ಮೂರು ಹೆಸರುಗಳೂ ಇದ್ದರೆ ಮುಂದಿನ ಸಂಚಿಕೆಯಲ್ಲಿ ಬಹಿರಂಗವಾಗಿ ಕ್ಷಮೆ ಕೇಳುತ್ತೇನೆ, ಜೊತೆಗೆ ಎರಡು ಡಬ್ಬಿ ಶೇಂಗಾದುಂಡಿಯನ್ನೂ ಕಳುಹಿಸುತ್ತೇನೆ. ಪಂಚಮಿ ಹತ್ತಿರ ಬಂತು. ಅಕ್ಕಂದಿರನ್ನು ಕರೆಯಲು ಹೇಗೂ ಹೋಗುತ್ತೀರಲ್ಲ?